ಹುಳಿಯೋ, ಸಾರೋ?

ಮನುಷ್ಯ ತನ್ನೊಳಗೆ ತಾನು ಇಳಿದರೆ ಅಲ್ಲಿ ನಾಲ್ಕು ಗುಮ್ಮಗಳು ಕೂತಿರುತ್ತವೆ: ಸಾವು, ಸ್ವಾತಂತ್ರ್ಯ, ಒಂಟಿತನ, ಅರ್ಥಹೀನತೆ. ಅಮೆರಿಕದ ಮನೋವೈದ್ಯ ಅರ್ವಿನ್ ಯಾಲಮ್ 1980ರಲ್ಲಿ ಬರೆದ ದಪ್ಪ ಪುಸ್ತಕದ ಸಾರಾಂಶ ಇದು. ನಿವೃತ್ತಿಯಾದ ಮೇಲೆ ನನ್ನನ್ನು ನಾನು ಅರಿಯೋಣ ಎಂದು ಅದನ್ನು ಹಿಡಿದು ಕೂತೆ. ಸಾವಿನ ವಿಚಾರ ವಿಮೆ ಏಜೆಂಟರು ಆಗಲೇ ಸಾಕಷ್ಟು ತಿಳಿಸಿದ್ದರು. ಒಂದೇ ಬಚ್ಚಲಿರುವ ಮನೆಯಲ್ಲಿ ಒಂಟಿತನಕ್ಕೆ ಜಾಗವಿಲ್ಲ. ಸೀದಾ ಸ್ವಾತಂತ್ರ್ಯಕ್ಕೆ ಹಾರಿದೆ.

ಇದು ಆಗಸ್ಟ್ 15ರ ಸ್ವಾತಂತ್ರ್ಯವಲ್ಲ. ನಮ್ಮ ಬಾಳನ್ನು ನಾವೇ ಆರಿಸಿಕೊಳ್ಳಬೇಕು, ಹಣೆಬರಹದ ಮೇಲೆ ಹಾಕುವಂತಿಲ್ಲ ಎಂಬ ದಿಗಿಲು. ಅದಕ್ಕೇ ಜನ ಆಯ್ಕೆಯನ್ನು ಇನ್ನೊಬ್ಬರ ತಲೆಗೆ ಕಟ್ಟಿ ಪಾರಾಗುತ್ತಾರಂತೆ. ಎಂಥ ಜನವಪ್ಪಾ ಎಂದುಕೊಳ್ಳುವಷ್ಟರಲ್ಲಿ ಅಡುಗೆಮನೆಯಿಂದ ದನಿ ಬಂತು.

"ಏನ್ರೀ, ಇವತ್ತು ಹುಳಿಯೋ, ಸಾರೋ?"

"ಏನಾದ್ರೂ ಮಾಡೇ."

ಮೂವತ್ತು ವರ್ಷದಿಂದ ಇದೇ ಉತ್ತರ. ಚೆನ್ನಾಗಿದ್ದರೆ ಇನ್ನೊಂದು ಸೌಟು, ಕೆಟ್ಟರೆ ಮುಖ ಸಿಂಡರಿಸುವ ಹಕ್ಕು. ಹೊಣೆ ಮಾತ್ರ ಅವಳದು. ಫ್ರಾನ್ಸಿನ ತತ್ವಜ್ಞಾನಿ ಸಾರ್ತ್ರ್ 1943ರಲ್ಲೇ ಇಂಥದ್ದನ್ನು ಆತ್ಮವಂಚನೆ ಎಂದು ಕರೆದ. ಪಾಪ, ಅವನು ಕೆಫೆಯ ಮಾಣಿಯನ್ನು ಉದಾಹರಣೆಗೆ ಹಿಡಿದ, ನನ್ನ ಪರಿಚಯವಿರಲಿಲ್ಲ.

ಎದ್ದು ಹೋಗಿ ಘೋಷಿಸಿದೆ: "ಹುಳಿ! ಆಯ್ಕೆ ನನ್ನದು, ಹೊಣೆಯೂ ನನ್ನದು."

"ಸರಿ. ತೊಗರಿಬೇಳೆ ಮುಗಿದಿದೆ. ಬರುವಾಗ ನುಗ್ಗೆಕಾಯಿ ತನ್ನಿ, ಎಳೇದು ನೋಡಿ ಆರಿಸಿ."

ಹೊಣೆ ಹೊತ್ತ ತಲೆಗೆ ನಿದ್ದೆ ಎಲ್ಲಿಂದ ಬರಬೇಕು? ಇದಕ್ಕೆ ವಿಯೆನ್ನಾದ ವಿಕ್ಟರ್ ಫ್ರಾಂಕ್ಲ್ ಬಳಿ ಮದ್ದಿದೆ. ನಾಜಿ ಶಿಬಿರಗಳಲ್ಲಿ ಬದುಕುಳಿದು ಬಂದ ಮನೋವೈದ್ಯ, ಹಗುರವಾಗಿ ತೆಗೆದುಕೊಳ್ಳುವ ಆಸಾಮಿಯಲ್ಲ. ನಿದ್ದೆಗಾಗಿ ಒದ್ದಾಡಿದಷ್ಟೂ ಅದು ದೂರ ಓಡುತ್ತದೆ. ಎಚ್ಚರವಾಗಿರುತ್ತೇನೆಂದು ಹಟ ಹಿಡಿದರೆ ತಾನಾಗಿ ಬರುತ್ತದೆ ಎನ್ನುತ್ತಾನೆ.

"ಇವತ್ತು ರಾತ್ರಿಯೆಲ್ಲ ಎಚ್ಚರವಾಗಿರ್ತೀನಿ ಕಣೇ" ಎಂದೆ.

ಅವಳ ಮುಖ ಅರಳಿತು. "ಒಳ್ಳೇದಾಯ್ತು. ಎರಡೂವರೆಗೆ ಕಾವೇರಿ ನೀರು ಬಿಡ್ತಾರೆ. ಸಂಪಿನ ವಾಲ್ವ್ ತಿರುಗಿಸ್ಬಿಡಿ. ನಾನು ನೆಮ್ಮದಿಯಾಗಿ ಮಲಗ್ತೀನಿ."

ಫ್ರಾಂಕ್ಲ್ ಸುಳ್ಳು ಹೇಳಲಿಲ್ಲ. ಹತ್ತು ಹೊಡೆಯುವ ಮೊದಲೇ ನಾನು ಗೊರಕೆ ಹೊಡೆಯುತ್ತಿದ್ದೆನಂತೆ.

ಬೆಳಿಗ್ಗೆ ಸಂಪಿನ ತಳ ಕಾಣುತ್ತಿತ್ತು. ಚಿಕಿತ್ಸೆ ನೂರಕ್ಕೆ ನೂರು ಫಲಿಸಿದೆ ಎಂದು ವಿವರಿಸಲು ಬಾಯಿ ತೆರೆದವನು, ಅವಳ ಕೈಯಲ್ಲಿದ್ದ ಖಾಲಿ ಬಕೆಟ್ ನೋಡಿ ಮುಚ್ಚಿದೆ. ಕೊನೆಗೆ ಮೆಲ್ಲಗೆ ಕೇಳಿದೆ: "ಮೇಲಿನ ಮನೆಯವರನ್ನ ನಾಲ್ಕು ಬಿಂದಿಗೆ ಕೇಳೋಣವೋ, ಟ್ಯಾಂಕರ್ ಕರೆಸೋಣವೋ?"

"ಏನಾದ್ರೂ ಮಾಡಿ" ಎಂದಳು.