ಪ್ರಥಮ ವರ್ಷದವರು

ಮದುವೆಯಾಗಿ ಎರಡು-ಮೂರು ತಿಂಗಳಾದ ಜೋಡಿಯಿಂದ ಲೋಕಕ್ಕೆ ಯಾವ ತೊಂದರೆಯೂ ಇಲ್ಲ. ಅವರ ಕಣ್ಣಿಗೆ ನಾವು ಬೀಳುವುದೇ ಇಲ್ಲ. ಹತ್ತು ವರ್ಷ ದಾಟಿದವರೂ ನಿರುಪದ್ರವಿಗಳು. ಮಕ್ಕಳ ಸ್ಕೂಲ್ ಫೀಸು, ಮನೆ ಸಾಲದ ಕಂತು ಎಂದು ನಾಲ್ಕು ಮಾತಾಡಿ, ಕಾಫಿ ಕುಡಿದು ಎದ್ದು ಹೋಗುತ್ತಾರೆ. ಹುಷಾರಾಗಿರಬೇಕಾದ್ದು ಮೊದಲ ವರ್ಷ ತುಂಬುವ ಹೊತ್ತಿನಲ್ಲಿರುವವರ ವಿಷಯದಲ್ಲಿ. ಅವರಲ್ಲಿ ಒಂದು ವರ್ಷದ ಇತಿಹಾಸ ಶೇಖರವಾಗಿರುತ್ತದೆ, ಕೇಳುವವರು ಮಾತ್ರ ಇನ್ನೂ ಸಿಕ್ಕಿರುವುದಿಲ್ಲ.

ಇವರನ್ನು ದೂರದಿಂದಲೇ ಗುರುತಿಸಬಹುದು. 'ನಾನು' ಎಂಬ ಶಬ್ದ ಇವರ ಬಾಯಿಂದ ಬಿಟ್ಟುಹೋಗಿರುತ್ತದೆ. "ನಾವು ಸೋರೆಕಾಯಿ ತಿನ್ನಲ್ಲ" ಎನ್ನುತ್ತಾರೆ. ಒಂದು ವರ್ಷದ ಹಿಂದೆ ಇಬ್ಬರಲ್ಲಿ ಒಬ್ಬರಾದರೂ ಖಂಡಿತ ತಿನ್ನುತ್ತಿದ್ದರು. ಎಲ್ಲದಕ್ಕೂ 'ಮೊದಲ' ಎಂಬ ವಿಶೇಷಣ ಅಂಟಿರುತ್ತದೆ. ಮೊದಲ ಹಬ್ಬ, ಮೊದಲ ಜಗಳ, ಮೊದಲ ಗ್ಯಾಸ್ ಸಿಲಿಂಡರ್ ಮುಗಿದ ದಿನ. ಅವರ ಫೋನಿನಲ್ಲಿ ನನಗೊಂದು ಕಸಬರಿಕೆಯ ಫೋಟೋ ತೋರಿಸಿದ್ದಾರೆ. ಸಂಸಾರ ಹೂಡಿದ ದಿನ ಕೊಂಡದ್ದಂತೆ. "ಚೆನ್ನಾಗಿದೆ" ಎಂದೆ. ಇನ್ನೇನು ಹೇಳಲಿ?

ಇದಕ್ಕೆಲ್ಲ ಕೆ.ಎಸ್. ನರಸಿಂಹಸ್ವಾಮಿಯವರನ್ನೂ ಸ್ವಲ್ಪ ಹೊಣೆ ಮಾಡಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. 1942ರಲ್ಲಿ 'ಮೈಸೂರು ಮಲ್ಲಿಗೆ' ಬಂತು. ಹೆಂಡತಿ ತವರಿಗೆ ಹೋದದ್ದು, ಗಂಡ ಮಾವನ ಮನೆ ಬಾಗಿಲು ತಟ್ಟಿದ್ದು, ಇವೆಲ್ಲ ನಾಲ್ಕು ಜನರ ಮುಂದೆ ಹೇಳಬಹುದಾದ ಸಂಗತಿಗಳಾದವು. ಮದುವೆಗೆ ಅದೇ ಪುಸ್ತಕವನ್ನು ಉಡುಗೊರೆ ಕೊಡುವ ರೂಢಿಯೂ ಬೆಳೆಯಿತು. ನಮ್ಮ ಮದುವೆಗೂ ಬಂದಿತ್ತು. ಆದರೆ ಕವಿಗಳು ಒಂದು ಉಪಕಾರ ಮಾಡಿದ್ದರು. ಸಾಕೆನಿಸಿದಾಗ ಪುಸ್ತಕವನ್ನು ಮುಚ್ಚಿಡಬಹುದಿತ್ತು.

ನಮ್ಮ ಮೇಲಿನ ಮನೆಯವರನ್ನು ಮುಚ್ಚಿಡಲು ಆಗುವುದಿಲ್ಲ. 2023ರ ಮೇ ತಿಂಗಳಲ್ಲಿ ಮದುವೆಯಾಗಿ, ಅರಿಶಿನದ ದಾರ ಒಣಗುವ ಮೊದಲೇ ಬಾಡಿಗೆಗೆ ಬಂದರು. ಹುಡುಗ ಮೈಸೂರಿನವನು, ಹುಡುಗಿ ಧಾರವಾಡದವಳು. ಇಬ್ಬರೂ ಕಂಪ್ಯೂಟರ್ ಮುಂದೆ ಕೂತು ದುಡಿಯುವವರು. ಬಾಡಿಗೆ ಒಂದನೇ ತಾರೀಕು ಬೆಳಗ್ಗೆಯೇ ಫೋನಿನಲ್ಲಿ ಬಂದು ಬೀಳುತ್ತದೆ. ಕಥೆ ಮಾತ್ರ ಶನಿವಾರ ಸಂಜೆ ಮೆಟ್ಟಿಲಿಳಿದು ಖುದ್ದಾಗಿ ಬರುತ್ತದೆ. ಒಳ್ಳೆಯ ಮಕ್ಕಳು, ಆ ಮಾತು ಮೊದಲೇ ಹೇಳಿಬಿಡುತ್ತೇನೆ. ನೀರಿನ ಮೋಟರ್ ತಪ್ಪದೆ ಆರಿಸುತ್ತಾರೆ. ನನ್ನವಳಿಗೆ ಮಂಡಿ ನೋವೆಂದರೆ ತರಕಾರಿ ತಂದುಕೊಡುತ್ತಾರೆ. ನನ್ನ ದೂರು ಅವರ ನಡತೆಯ ಮೇಲಲ್ಲ, ಅವರ ನಿರೂಪಣೆಯ ಮೇಲೆ.

ಒಬ್ಬರು ಕಥೆ ಹೇಳಿದರೆ ಕೇಳಿಬಿಡಬಹುದು. ಇವರು ಇಬ್ಬರೂ ಹೇಳುತ್ತಾರೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಲ್ಲಗಳೆಯುತ್ತಾರೆ. ಆಮೇಲೆ ಇಬ್ಬರೂ ತೀರ್ಪಿಗಾಗಿ ನನ್ನ ಮುಖ ನೋಡುತ್ತಾರೆ, ಅಲ್ಲಿ ನಾನೂ ಇದ್ದವನಂತೆ.

ಇವರ ಸಂಗ್ರಹದಲ್ಲಿ ಅತಿ ಬೆಲೆಬಾಳುವ ಕಥೆ ಆಷಾಢದ್ದು. ಮದುವೆಯಾದ ವರ್ಷ ಆಷಾಢದಲ್ಲಿ ಅತ್ತೆ-ಸೊಸೆ ಒಂದೇ ಹೊಸ್ತಿಲು ದಾಟಬಾರದು, ಅಳಿಯನೂ ಅತ್ತೆಮನೆಯ ಹೊಸ್ತಿಲು ತುಳಿಯಬಾರದು ಎಂಬ ಶಾಸ್ತ್ರ ಎಲ್ಲರಿಗೂ ಗೊತ್ತು. ಆಗ ಬಸಿರಾದರೆ ಚೈತ್ರದ ಬೇಗೆಯಲ್ಲಿ ಹೆರಿಗೆಯಾಗುತ್ತದೆ ಎಂಬ ಕಾರಣವನ್ನೂ ಹಿರಿಯರು ದನಿ ತಗ್ಗಿಸಿ ಹೇಳುತ್ತಾರೆ. ಹುಡುಗನ ತಾಯಿ ಇರುವುದು ಮೈಸೂರಿನಲ್ಲಿ, ಸೊಸೆ ಇರುವುದು ಬೆಂಗಳೂರಿನ ಹನುಮಂತನಗರದಲ್ಲಿ, ನಮ್ಮ ತಲೆಯ ಮೇಲೆ. ಒಂದೇ ಹೊಸ್ತಿಲ ಪ್ರಶ್ನೆಯೇ ಏಳುವುದಿಲ್ಲ. ಆದರೆ ಧಾರವಾಡದ ಅಜ್ಜಿ ಒಪ್ಪಬೇಕಲ್ಲ! ಜೂನ್ ಮೂರನೇ ವಾರ ಆಷಾಢ ಹುಟ್ಟುವ ಹೊತ್ತಿಗೆ ಹುಡುಗಿ ಲ್ಯಾಪ್‌ಟಾಪ್ ಸಮೇತ ತವರು ಸೇರಿದಳು. ಹುಡುಗ ಇಲ್ಲಿ ಒಬ್ಬನೇ ಉಳಿದು, ದಿನವೂ ಅವಲಕ್ಕಿ ತಿಂದು ಸೊರಗಿದ.

ಆಗ ಬೆಂಗಳೂರು–ಧಾರವಾಡದ ವಂದೇ ಭಾರತ್ ರೈಲು ಶುರುವಾಯಿತು. ಜೂನ್ 27ರಂದು ಅದಕ್ಕೆ ಹಸಿರು ನಿಶಾನೆ ತೋರಿಸಿದ್ದು ದೇಶದ ಅನುಕೂಲಕ್ಕೆಂದು ನಾವೆಲ್ಲ ತಿಳಿದಿದ್ದೆವು. ಮೇಲಿನ ಮನೆಯ ಹುಡುಗ ಹಾಗೆ ತಿಳಿಯಲಿಲ್ಲ. ಬೆಳಗ್ಗೆ ಆರಕ್ಕೆ ಮೊದಲೇ ಇಲ್ಲಿಂದ ಹೊರಡುವ ಆ ಗಾಡಿ ಮಧ್ಯಾಹ್ನ ಧಾರವಾಡ ಮುಟ್ಟಿ, ಸ್ವಲ್ಪ ಹೊತ್ತು ಸುಧಾರಿಸಿಕೊಂಡು, ಅದೇ ದಿನ ವಾಪಸು ಹೊರಡುತ್ತದೆ. ಹೋಗುವಾಗ ಸಾವಿರ ದಾಟಿದ ಟಿಕೆಟ್ಟು, ಬರುವಾಗ ಮತ್ತೊಂದು. ಹುಡುಗ ಹೋದ, ಪ್ಲಾಟ್‌ಫಾರ್ಮಿನಲ್ಲೇ ಹೆಂಡತಿಯನ್ನು ನೋಡಿದ, ಅದೇ ಗಾಡಿಯಲ್ಲಿ ಬಂದ. ಕಥೆ ಇಷ್ಟೇ. ನಾನು ಹೇಳಿದರೆ ಅರ್ಧ ನಿಮಿಷ. ಅವರು ಹೇಳಿದರೆ ಹೀಗೆ:

"ಅವತ್ತು ಮಂಗಳವಾರ, ಅಂಕಲ್..."

"ಏ ಸುಳ್ಳ, ಕಾಕಾ. ಮಂಗಳವಾರ ಆ ಗಾಡಿ ಓಡೂದ ಇಲ್ಲ."

"ಉದ್ಘಾಟನೆ ಆಗಿದ್ದೇ ಮಂಗಳವಾರ ಕಣೇ!"

"ಅದು ಹೂವಿನ ಮಾಲಿ ಹಾಕಿ ಮಂತ್ರಿ ಮಂದೀನ್ನ ಕೂಡಿಸಿಕೊಂಡು ಬಿಟ್ಟಿದ್ದು. ನೀ ಏನ್ ಮಂತ್ರಿ ಏನು?"

ವಾರ ಇತ್ಯರ್ಥವಾಗುವ ಹೊತ್ತಿಗೆ ನನ್ನ ಕಾಫಿ ಆರಿರುತ್ತದೆ. ಆಮೇಲೆ ಡಬ್ಬಿ. ರೊಟ್ಟಿಯ ಜೊತೆ ಬದನೆಕಾಯಿ ಎಣಗಾಯಿ ಇತ್ತೋ, ಹೆಸರುಕಾಳಿನ ಪಲ್ಯವೋ? ಅವನು ಎಣಗಾಯಿಯ ಪಕ್ಷ. ಅವಳು, ಆಷಾಢದ ಮಳೆಗೆ ಒಳ್ಳೆಯ ಎಳೆ ಬದನೆಕಾಯಿ ಎಲ್ಲಿ ಸಿಗಬೇಕು ಎಂದು ಕೃಷಿಯ ಆಧಾರದ ಮೇಲೆ ವಾದಿಸುತ್ತಾಳೆ. ಅಂದು ಮಳೆ ಬಂದಿತ್ತೇ ಎಂಬುದು ಪ್ರತ್ಯೇಕ ವಿವಾದ. ರೈಲು ಹೊರಟಾಗ ಅವನ ಕಣ್ಣಲ್ಲಿ ನೀರಿತ್ತೆಂದು ಅವಳು, ಕೆಂಪು ಚಟ್ನಿಯ ಖಾರಕ್ಕೆಂದು ಅವನು. ಲೈನ್ ಬಜಾರಿನ ಪೇಡೆ ಕೊಟ್ಟಿದ್ದು ಅರ್ಧ ಕಿಲೋ ಎಂದು ಇಬ್ಬರೂ ಒಪ್ಪುತ್ತಾರೆ. ಬೆಂಗಳೂರು ಮುಟ್ಟುವಾಗ ಎಷ್ಟು ಉಳಿದಿತ್ತು ಎಂಬಲ್ಲಿ ಮತ್ತೆ ಒಡಕು.

ಇವೆಲ್ಲ ಚಿಲ್ಲರೆ. ಮೂಲ ವ್ಯಾಜ್ಯ ಒಂದು ವಾಕ್ಯದ ಒಡೆತನದ್ದು. ಮನೆಗೆ ಬರಬಾರದೆಂದರೆ ಬರಬಾರದು ಸರಿ, ಆದರೆ ಸ್ಟೇಷನ್ನಿಗೆ ಹೊಸ್ತಿಲೆಲ್ಲಿದೆ? ಈ ವಾಕ್ಯವೇ ಆ ಪ್ರಯಾಣದ ಪ್ರಾಣ. ಹನುಮಂತನಗರದ ಮನೆಯಲ್ಲಿ ಒಬ್ಬನೇ ಕೂತು ಯೋಚಿಸಿ ಕಂಡುಹಿಡಿದದ್ದು ತಾನೆಂದು ಹುಡುಗ ಹೇಳುತ್ತಾನೆ. ಮೊಮ್ಮಗಳು ಊಟ ಬಿಟ್ಟು ಮುಖ ಊದಿಸಿ ಕೂತಿದ್ದನ್ನು ನೋಡಲಾರದೆ ಅಜ್ಜಿಯೇ ಕೊಟ್ಟ ವಿನಾಯಿತಿ ಅದು ಎಂದು ಹುಡುಗಿ. "ಅಜ್ಜೀನ ರೊಟ್ಟಿ ಬಡದು ಡಬ್ಬಿ ಕಟ್ಟಿ ಕಳಿಸ್ಯಾಳ ಕಾಕಾ, ಇವ ತಂದ ಅಂತಾನ!" ನಾನು ಒಂದು ಶನಿವಾರ ಹುಡುಗನ ಕಡೆ ತೀರ್ಪು ಕೊಟ್ಟರೆ ಮುಂದಿನ ಶನಿವಾರ ಹುಡುಗಿಯ ಕಡೆ ಕೊಡುತ್ತೇನೆ. ನಿವೃತ್ತನಾದ ಗುಮಾಸ್ತನಿಗೆ ಇಷ್ಟು ಅಧಿಕಾರ ಸಿಕ್ಕಿದ್ದು ಇದೇ ಮೊದಲು.

ಆಷಾಢ ಕಳೆದರೂ ಕಥೆ ಮುಗಿಯಲಿಲ್ಲ. ಆ ವರ್ಷ ಅಧಿಕ ಶ್ರಾವಣ ಬಿತ್ತು, ಜುಲೈ 18ರಿಂದ ಆಗಸ್ಟ್ 16ರವರೆಗೆ. ಅಧಿಕದಲ್ಲಿ ಹೊಸ ಸೊಸೆ ಮನೆ ತುಂಬಬಹುದೇ ಎಂದು ಎರಡೂ ಕಡೆಯ ಹಿರಿಯರ ನಡುವೆ ಫೋನಿನಲ್ಲಿ ಚರ್ಚೆ ನಡೆದು, ಹುಡುಗಿ ಅಲ್ಲೇ ಉಳಿದಳು. ಆದರೆ ಈಗ ಹೊಸ್ತಿಲಿನ ನಿಷೇಧ ಅಳಿಯನಿಗಿಲ್ಲ. ಅಧಿಕ ಮಾಸದಲ್ಲಿ ಅಳಿಯ-ಮಗಳಿಗೆ ಮೂವತ್ತಮೂರರ ಲೆಕ್ಕದಲ್ಲಿ ಕಜ್ಜಾಯ ಕೊಡುವ ಪದ್ಧತಿಯಿದೆ. ಮೂವತ್ತಮೂರನ್ನೂ ಒಂದೇ ದಿನ ಮುಗಿಸಿದೆನೆಂದು ಹುಡುಗನ ಹೇಳಿಕೆ. ಅದು ಸುಳ್ಳೆಂಬುದಕ್ಕೆ ನಾನೇ ಸಾಕ್ಷಿ. ಅದರಲ್ಲಿ ಕೆಲವು ನಮ್ಮ ಮನೆಯಲ್ಲೇ ಖರ್ಚಾದವು.

ಉಳಿದ ಹಬ್ಬಗಳನ್ನು ವಿಸ್ತರಿಸುವುದಿಲ್ಲ. ಮಂಗಳಗೌರಿ ವ್ರತಕ್ಕೆ ಮೇಲೆ ಹಾಡು, ಕೆಳಗೆ ನಮಗೆ ಚಿತ್ರಾನ್ನ. ದೀಪಾವಳಿಗೆ ಅಳಿಯನಿಗೆ ಎಣ್ಣೆ ನೀರು ಹಾಕುವಾಗ ತೆಗೆದ ವಿಡಿಯೋವನ್ನು ನಾನು ನೋಡಲೇಬೇಕಾಯಿತು. ಪರರ ಅಭ್ಯಂಜನ ನೋಡುವ ಯೋಗ ಎಲ್ಲರಿಗೂ ಬರುವಂಥದಲ್ಲ. ಸಂಕ್ರಾಂತಿಗೆ ಅವಳು ತಂದದ್ದು ಕುಸುರೆಳ್ಳು, ಅತ್ತೆ ಕಳಿಸಿದ್ದು ಎಳ್ಳು-ಬೆಲ್ಲ-ಸಕ್ಕರೆ ಅಚ್ಚು. ಎರಡೂ ಬೀರಿದರು, ಜೊತೆಗೆ ಐದೈದು ಬಾಳೆಹಣ್ಣು. ಇದು ಮೊದಲ ವರ್ಷದ ಲೆಕ್ಕ. ವರ್ಷಕ್ಕೆ ಐದರಂತೆ ಏರಿ ಐದನೇ ವರ್ಷ ಇಪ್ಪತ್ತೈದಾಗುತ್ತದೆ. ಅಷ್ಟರಲ್ಲಿ ನನ್ನ ಸಕ್ಕರೆಯ ಅಂಶ ಎಲ್ಲಿಗೆ ಏರಿರುತ್ತದೋ, ಡಾಕ್ಟರಿಗೇ ಗೊತ್ತು.

ಯುಗಾದಿ ಕಳೆದ ಮೇಲೆ ಒಂದು ರಾತ್ರಿ ನಮ್ಮಿಬ್ಬರನ್ನೂ ಟೆರೇಸಿಗೆ ಎಳೆದುಕೊಂಡು ಹೋದರು. ಮದುವೆಯ ದಿನ ಮಟಮಟ ಮಧ್ಯಾಹ್ನ ಪುರೋಹಿತರು ಆಕಾಶ ತೋರಿಸಿ "ಅರುಂಧತಿ ಕಂಡಿತೇ?" ಎಂದಾಗ ಇಬ್ಬರೂ "ಕಂಡಿತು" ಎಂದಿದ್ದರಂತೆ. ಆ ಸುಳ್ಳು ಹುಡುಗಿಯ ಮನಸ್ಸನ್ನು ಕೊರೆಯುತ್ತಿತ್ತು. ಈಗ ಫೋನಿನಲ್ಲಿ ನಕ್ಷತ್ರ ತೋರಿಸುವ ಆ್ಯಪ್ ಹಾಕಿಕೊಂಡಿದ್ದಳು. ಉತ್ತರಕ್ಕೆ ಸಪ್ತರ್ಷಿ ಮಂಡಲ, ಬಾಲದ ತುದಿಯಿಂದ ಎರಡನೆಯದು ವಸಿಷ್ಠ, ಅದಕ್ಕೆ ಒತ್ತಿಕೊಂಡು ಚಿಕ್ಕದಾಗಿ ಅರುಂಧತಿ. ಬೆಂಗಳೂರಿನ ಬೀದಿ ದೀಪಗಳ ಬೆಳಕಿನಲ್ಲಿ, ನನ್ನ ಪೊರೆ ಬಂದ ಕಣ್ಣಿಗೆ ವಸಿಷ್ಠನೇ ಅನುಮಾನ. "ಕಂಡಿತಾ ಕಾಕಾ?" ಎಂದಳು. "ಕಂಡಿತು" ಎಂದೆ. "ಕಾಕು, ನಿಮಗ?" ನನ್ನವಳೂ "ಕಂಡಿತಮ್ಮ" ಎಂದಳು. ನಮ್ಮ ಮದುವೆಯಲ್ಲೂ ನಾವು ಹೇಳಿದ್ದು ಅದನ್ನೇ.

ಮೆಟ್ಟಿಲಿಳಿಯುವಾಗ ನನಗೊಂದು ವಿಚಾರ ಹೊಳೆಯಿತು. ಈ ಮಕ್ಕಳ ಕಥೆ ಕೇಳಿ ಕೇಳಿ ಬೇಸತ್ತ ನಾನೂ ಆಗಾಗ ಇವರಿಗೆ ನಮ್ಮ ಕಾಲದ ಕಥೆ ಹೇಳಿದ್ದೇನೆ; ಚಾಮರಾಜಪೇಟೆಯ ವಠಾರ, ಸೀಮೆಎಣ್ಣೆಗೆ ನಿಂತ ಕ್ಯೂ, ಜೋಗಕ್ಕೆ ಹೋದಾಗ ನೀರೇ ಇಲ್ಲದೆ ಬರೀ ಬಂಡೆ ನೋಡಿಕೊಂಡು ಬಂದದ್ದು. ನನ್ನವಳು ಪಕ್ಕದಲ್ಲಿ ಹೂಬತ್ತಿ ಹೊಸೆಯುತ್ತ ಕೂತಿರುತ್ತಾಳೆ. ಒಂದು ಸಲವೂ "ಹಾಗಲ್ಲ" ಎಂದಿಲ್ಲ. ಮೊದಮೊದಲು ಅನ್ನುತ್ತಿದ್ದಳು, ಚೆನ್ನಾಗಿ ನೆನಪಿದೆ. ಯಾವಾಗ ನಿಲ್ಲಿಸಿದಳೋ ಗೊತ್ತಿಲ್ಲ. ನನ್ನ ಕಥೆಗಳು ಅಷ್ಟೊಂದು ನಿಖರವಾಗಿವೆ ಎಂದು ನಂಬುವಷ್ಟು ದಡ್ಡ ನಾನಲ್ಲ. ಒಂದೆರಡು ಸಲ ಬೇಕೆಂದೇ ಜೋಗದ ಬದಲು ಶಿವನಸಮುದ್ರ ಎಂದೂ ನೋಡಿದ್ದೇನೆ. ಬತ್ತಿ ಹೊಸೆಯುವ ಕೈ ನಿಲ್ಲಲಿಲ್ಲ.

ಮದುವೆಯ ವರ್ಷ ತುಂಬುವ ದಿನಕ್ಕೆ ಧಾರವಾಡದಿಂದ ಅಜ್ಜಿಯೇ ಬಂದರು. ಎಂಬತ್ತರ ಮೇಲಿನ ವಯಸ್ಸು, ಮಾತಿನಲ್ಲಿ ಒಂದು ಮುಪ್ಪಿನ ಗೆರೆಯೂ ಇಲ್ಲ. ನಮ್ಮನ್ನೂ ಊಟಕ್ಕೆ ಕರೆದಿದ್ದರು. ಮೂಲ ಸಾಕ್ಷಿ ಎದುರಿಗೇ ಸಿಕ್ಕ ಮೇಲೆ ಬಿಡಲುಂಟೇ? ಹೋಳಿಗೆ ಬಡಿಸುವಾಗ ಕೇಳಿಯೇಬಿಟ್ಟೆ, ಸ್ಟೇಷನ್ನಿಗೆ ಹೊಸ್ತಿಲಿಲ್ಲ ಎಂದವರು ಯಾರು ಎಂದು. ಮಕ್ಕಳಿಬ್ಬರೂ ಉಸಿರು ಬಿಗಿಹಿಡಿದರು.

"ನಾನೂ ಅಲ್ಲ, ಇವನೂ ಅಲ್ಲ. ನಮ್ಮ ಯಜಮಾನ್ರ ಮಾತದು" ಎಂದರು ಅಜ್ಜಿ. ಅವರ ಮದುವೆಯಾದ ವರ್ಷದ ಆಷಾಢದಲ್ಲಿ ಅಜ್ಜ ಹುಬ್ಬಳ್ಳಿಯಿಂದ ಸೈಕಲ್ ತುಳಿದುಕೊಂಡು ಬಂದು, ಮನೆಯೊಳಗೆ ಕಾಲಿಡದೆ, ಹಿತ್ತಲ ಬಾವಿಕಟ್ಟೆಯ ಮೇಲೆ ಕೂತು, ಬಾವಿಗೆ ಹೊಸ್ತಿಲೆಲ್ಲಿದೆ ಎಂದಿದ್ದರಂತೆ. ಮೊಮ್ಮಗಳಿಗೆ ಹೇಳುವಾಗ ಅಜ್ಜಿ ಬಾವಿಯನ್ನು ತೆಗೆದು ಸ್ಟೇಷನ್ ಸೇರಿಸಿದ್ದರು. ಹುಡುಗಿ ಅದನ್ನು ಫೋನಿನಲ್ಲಿ ಹುಡುಗನ ಕಿವಿಗೆ ಹಾಕಿದ್ದಳು. ಎರಡು ದಿನ ಕಳೆದು ಅದು ಅವನ ಸ್ವಂತ ಬುದ್ಧಿಯಾಗಿ ಹೊರಬಿದ್ದಿತ್ತು.

ಅಜ್ಜಿ ಆ ಕಥೆಯನ್ನು ಬಹಳ ಚೆನ್ನಾಗಿ ಹೇಳಿದರು. ವಾರ, ತಿಥಿ, ಸೈಕಲ್ಲಿನ ಬಣ್ಣ, ಮಳೆ, ಅಜ್ಜನ ಕೆಸರಾದ ಧೋತರ, ಎಲ್ಲ ಕ್ರಮವಾಗಿ, ಎಲ್ಲೂ ತಡವರಿಸದೆ. ನಡುವೆ ಬಾಯಿ ಹಾಕುವವರು ಇರಲಿಲ್ಲ. ಅಜ್ಜ ಹೋಗಿ ಬಹಳ ವರ್ಷಗಳಾಗಿವೆ. ಅಷ್ಟು ಅಚ್ಚುಕಟ್ಟಾದ ಕಥೆಯನ್ನು ಆ ಮನೆಯಲ್ಲಿ ಕೇಳಿದ್ದು ಅದೇ ಮೊದಲು. ಕೇಳಿ ನನಗೇನೋ ಸಮಾಧಾನವಾಗಲಿಲ್ಲ. ಹುಡುಗ-ಹುಡುಗಿಯೂ ತಮ್ಮ ದಾವೆ ಮರೆತು ಸುಮ್ಮನೆ ಕೂತಿದ್ದರು.

ಅಂಥ ಹೊತ್ತಿನಲ್ಲಿ ಏನಾದರೂ ಮಾತಾಡಬೇಕೆಂದು ನಾನು ಶುರುಮಾಡಿದೆ. "ನಮ್ಮ ಮೊದಲ ವರ್ಷದಲ್ಲಿ ನೋಡಿ ಅಮ್ಮಾ, ಚಾಮರಾಜಪೇಟೆಯಲ್ಲಿ ಒಂದು ರೂಮು, ಒಂದು ಅಡುಗೆಮನೆ. ಬಾಡಿಗೆ ಇನ್ನೂರು ರೂಪಾಯಿ..."

"ಇನ್ನೂರ ಇಪ್ಪತ್ತೈದು" ಎಂದಳು ನನ್ನವಳು.

ನಾನು ತಿರುಗಿ ನೋಡಿದೆ. ಅವಳು ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಿದ್ದಳು.

"ಇನ್ನೂರ ಇಪ್ಪತ್ತೈದು ಎರಡನೇ ವರ್ಷ ಕಣೇ. ಮೊದಲು ಇನ್ನೂರೇ."

"ಎರಡನೇ ವರ್ಷ ನಾವು ಆ ಮನೆಯಲ್ಲೇ ಇರಲಿಲ್ಲ. ನಿಮ್ಮ ತಮ್ಮ ಬಂದ ಅಂತ ಶ್ರೀನಗರಕ್ಕೆ ಹೋಗಿರಲಿಲ್ಲವೇ? ಮತ್ತೆ ಜೋಗದಲ್ಲಿ ನೀರಿತ್ತು. ಮಂಜು ಕವಿದು ಕಾಣಲಿಲ್ಲ, ಅಷ್ಟೇ. ಶಿವನಸಮುದ್ರಕ್ಕಂತೂ ನೀವು ನನ್ನನ್ನು ಕರೆದುಕೊಂಡು ಹೋಗಿಯೇ ಇಲ್ಲ."

ನೀರಿರಲಿಲ್ಲ ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಏಪ್ರಿಲ್ ತಿಂಗಳಲ್ಲಿ ಜೋಗದಲ್ಲಿ ಮಂಜೆಲ್ಲಿಂದ ಬರಬೇಕು? ಹೋದದ್ದು ಆಗಸ್ಟಿನಲ್ಲಿ ಎಂದಳು. ಇಬ್ಬರೂ ಒಟ್ಟಿಗೇ ಮೇಲಿನ ಮನೆಯ ಹುಡುಗನ ಮುಖ ನೋಡಿದೆವು.