ಶಿಕ್ಷಕ ಸಚ್ಚಾರಿತ್ರ್ಯ ಮೀಮಾಂಸೆ

ಖಾಸಗಿ ಶಾಲೆಯಲ್ಲಿ ಕೆಲಸ ಹುಡುಕುವ ಮೇಷ್ಟ್ರ ಸಚ್ಚಾರಿತ್ರ್ಯ ಎಷ್ಟು ಕಾಲ ಬಾಳಿಕೆ ಬರುತ್ತದೆ ಎಂಬುದೇ ಈ ಪ್ರಬಂಧದ ವಿಚಾರ. ಅಧ್ಯಯನದ ಕ್ಷೇತ್ರ ಬೆಂಗಳೂರು. ಕಾಲ, ಬೇಸಿಗೆ ರಜೆಯ ನೇಮಕಾತಿ ಋತು.

ಸೂತ್ರ 1: ಅರ್ಹತೆ ನಿತ್ಯ, ಸಚ್ಚಾರಿತ್ರ್ಯ ಅನಿತ್ಯ.

ಭಾಷ್ಯ: ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಪ್ರಮಾಣಪತ್ರಕ್ಕೆ ಮೊದಲು ಏಳು ವರ್ಷ ಆಯುಷ್ಯವಿತ್ತು. 2021ರಲ್ಲಿ ಕೇಂದ್ರ ಸರ್ಕಾರ ಅದನ್ನು ಜೀವನಪರ್ಯಂತ ಮಾಡಿತು. ಅಂದರೆ ಒಮ್ಮೆ ಪಾಸಾದವರು ಭಿನ್ನರಾಶಿ ಮರೆತರೂ ಅರ್ಹರೇ. ಸಚ್ಚಾರಿತ್ರ್ಯಕ್ಕೆ ಸಾಕ್ಷಿ ಹೇಳುವ ಪೊಲೀಸ್ ವೆರಿಫಿಕೇಷನ್ನಿಗೆ ಆ ಭಾಗ್ಯವಿಲ್ಲ. ಫೆಬ್ರವರಿಯಲ್ಲಿ ಒಂದು ಶಾಲೆಗೆ ಒಪ್ಪಿಸಿದ ಒಳ್ಳೆಯತನ ಮೇ ತಿಂಗಳಲ್ಲಿ ಇನ್ನೊಂದಕ್ಕೆ ಸಲ್ಲದು. ಒಂದೇ ಟ್ರಸ್ಟಿನ ಎರಡು ಶಾಖೆಗಳ ನಡುವೆ ಬಸ್ಸಿನಲ್ಲಿ ಹೋಗುವಷ್ಟರಲ್ಲೇ ಅದು ಹಳಸುವುದುಂಟು.

ಸೂತ್ರ 2: ಹಿಂದಿನ ಪರಿಶೀಲನೆ ಹಿಂದಿನ ಶಾಲೆಗೇ ಸಲ್ಲುತ್ತದೆ.

ಭಾಷ್ಯ: ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೊ ಕಾಯ್ದೆಯಡಿ 2020ರಲ್ಲಿ ಬಂದ ನಿಯಮಗಳ ಪ್ರಕಾರ ಶಾಲೆಯ ಪ್ರತಿಯೊಬ್ಬ ಸಿಬ್ಬಂದಿಯನ್ನೂ, ಕಾಯಂ ಇರಲಿ ಗುತ್ತಿಗೆ ಇರಲಿ, ಕಾಲಕಾಲಕ್ಕೆ ಪರಿಶೀಲಿಸಬೇಕು. 2014ರಲ್ಲಿ ಶಾಲೆಯೊಳಗೇ ಮಗುವಿನ ಮೇಲೆ ನಡೆದ ದೌರ್ಜನ್ಯವನ್ನು ಕಂಡ ಊರು ಇದು. ಇಲ್ಲಿ ಪರಿಶೀಲನೆಗೆ ಅಡ್ಡಮಾತಿಲ್ಲ, ಇರಲೂಬಾರದು. ತೊಡಕಿರುವುದು ಬೇರೆ ಕಡೆ. ಪರಿಶೀಲನೆಯ ಪುಣ್ಯ ಶಾಲೆಯ ಕಡತಕ್ಕೆ ಅಂಟಿಕೊಳ್ಳುತ್ತದೆ, ಮೇಷ್ಟ್ರಿಗೆ ಅಂಟುವುದಿಲ್ಲ. ಮೂರು ಶಾಲೆಯ ಮೆಟ್ಟಿಲು ಹತ್ತಿದರೆ ಮೂರು ಸಲ ಶುಲ್ಕ, ಮೂರು ಸಲ ಪಾಸ್‌ಪೋರ್ಟ್ ಸೈಜಿನ ಫೋಟೊ, ಮೂರು ಸಲ "ಸರ್ವರ್ ಡೌನ್ ಇದೆ, ನಾಳೆ ಬನ್ನಿ."

ಸೂತ್ರ 3: ಪ್ರಮಾಣಗಳು ನಾಲ್ಕು.

ಭಾಷ್ಯ: ಗೌತಮನ ನ್ಯಾಯಶಾಸ್ತ್ರ ಹೇಳಿದ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಲ್ಲ ಇಲ್ಲಿ ಪ್ರಯೋಗವಾಗುತ್ತವೆ. ಪ್ರತ್ಯಕ್ಷ: ಕಾನ್‌ಸ್ಟೆಬಲ್ ಮನೆಗೆ ಬರುತ್ತಾರೆ, ಮೇಷ್ಟ್ರು ಟ್ಯೂಷನ್ ಹೇಳಲು ಹೋಗಿರುವುದರಿಂದ ಬೀಗ ಪ್ರತ್ಯಕ್ಷವಾಗುತ್ತದೆ. ಅನುಮಾನ: ಹೊಗೆ ಇದ್ದಲ್ಲಿ ಬೆಂಕಿ, ಬೀಗ ಇದ್ದಲ್ಲಿ ಗುಟ್ಟು. ಉಪಮಾನ: ಆಧಾರ್ ಕಾರ್ಡಿನ ಫೋಟೊವನ್ನು ಮುಖದ ಪಕ್ಕ ಹಿಡಿದು ನೋಡಲಾಗುತ್ತದೆ. ಹೋಲುವುದಿಲ್ಲ, ಯಾರದೂ ಹೋಲುವುದಿಲ್ಲ. ಶಬ್ದ: ಪಕ್ಕದ ಮನೆಯ ಅಜ್ಜಿಯ ಸಾಕ್ಷ್ಯ.

"ಏನಮ್ಮಾ, ಈ ಮೇಷ್ಟ್ರು ಹೇಗೆ?"

"ಬಲು ಒಳ್ಳೆಯವರು ಸ್ವಾಮಿ. ಮನೇಲಿ ಇದಾರೋ ಇಲ್ವೋ ಅನ್ನೋದೇ ಗೊತ್ತಾಗಲ್ಲ. ಯಾರ ಜೊತೇನೂ ಮಾತಿಲ್ಲ, ಕತೆಯಿಲ್ಲ."

ಈ ಹೊಗಳಿಕೆಯಾದ ಮೇಲೆ ಮೇಷ್ಟ್ರಿಗೆ ಠಾಣೆಯಿಂದ ಫೋನ್ ಬರುತ್ತದೆ.

ಪೂರ್ವಪಕ್ಷ: ಮನೆ ಬದಲಾದರೆ ಮನುಷ್ಯ ಬದಲಾಗುತ್ತಾನೆಯೇ?

ಸಮಾಧಾನ: ಆಗುತ್ತಾನೆ. ಬಾಡಿಗೆ ಕರಾರು 11 ತಿಂಗಳಿಗೆ ಮುಗಿಯುತ್ತದೆ. ಮಾಲೀಕರು ಬಾಡಿಗೆ ಏರಿಸಿದಾಗ ಮೇಷ್ಟ್ರು ಎರಡು ರಸ್ತೆ ದಾಟಿ ಮನೆ ಹಿಡಿದರೂ ಸಾಕು, ಠಾಣೆಯ ಸರಹದ್ದು ಬದಲಾಗಿ ನಿನ್ನೆಯ ಸಜ್ಜನ ಇಂದು ಅಪರಿಚಿತನಾಗುತ್ತಾನೆ. ಸ್ವಂತ ಮನೆಯಿದ್ದವರ ಚಾರಿತ್ರ್ಯ ಸ್ಥಿರಾಸ್ತಿ, ಬಾಡಿಗೆದಾರರದು ಚರಾಸ್ತಿ ಎಂದು ಇದರಿಂದ ಸಿದ್ಧವಾಯಿತು.

ಮತ್ತೊಂದು ಪೂರ್ವಪಕ್ಷ: ಶಾಲೆಯ ಪೂರ್ವಾಪರವನ್ನು ಮೇಷ್ಟ್ರು ವಿಚಾರಿಸಬಹುದೇ? ಬೇಸಿಗೆ ರಜೆಯ ಸಂಬಳ ಕೊಡುತ್ತಾರೋ, ಒತ್ತೆಯಿಟ್ಟುಕೊಂಡ ಮೂಲ ಅಂಕಪಟ್ಟಿಯನ್ನು ವಾಪಸು ಕೊಡುತ್ತಾರೋ?

ಸಮಾಧಾನ: ಕೇಳಿದವರ ಸಂದರ್ಶನ ಅಲ್ಲಿಗೇ ಮುಗಿಯುವುದರಿಂದ ಈ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರ ಬೆಳೆದಿಲ್ಲ.

ಸಿದ್ಧಾಂತ: ಪರಿಶೀಲನೆ ಬೇಕು, ಕಟ್ಟುನಿಟ್ಟಾಗಿಯೇ ಬೇಕು. ಅದು ಶಿಕ್ಷಕರ ಹೆಸರಿನಲ್ಲಿ ನಡೆಯಲಿ, ಎಲ್ಲ ಶಾಲೆಗೂ ಸಲ್ಲಲಿ, ಗೊತ್ತಾದ ಅವಧಿಗೆ ನವೀಕರಣವಾಗಲಿ. ದೇಶದ ಪೊಲೀಸ್ ಠಾಣೆಗಳು ಅಪರಾಧ ದಾಖಲೆಗಳ ಸಿಸಿಟಿಎನ್‌ಎಸ್ ಜಾಲದಲ್ಲಿ ಜೋಡಣೆಯಾಗಿವೆ. ಶಿಕ್ಷಕರ ಮೇಲೆ ಹೊಸ ಪ್ರಕರಣ ದಾಖಲಾದ ದಿನವೇ ಅವರ ಶಾಲೆಗೆ ಸುದ್ದಿ ಮುಟ್ಟುವ ಏರ್ಪಾಡಾಗಲಿ. ಹೋದ ತಿಂಗಳು ತಂದ ಕಾಗದವನ್ನೇ ಈ ತಿಂಗಳು ಮತ್ತೆ ತರಿಸಿದರೆ ಶಾಲೆಯ ಕಡತ ದಪ್ಪವಾದೀತು, ಮಗುವಿಗೆ ಅದರಿಂದ ಕವಡೆಯಷ್ಟೂ ರಕ್ಷಣೆ ಹೆಚ್ಚದು.