ಶ್ರೀಮಾನ್ ಲೈಸೆನ್ಸ್ ಸಾಹೇಬರಿಗೆ, ಅಮರಗೋಳದಿಂದ

ಸನ್ಮಾನ್ಯ ಲೈಸೆನ್ಸ್ ಸಾಹೇಬರ ಸನ್ನಿಧಾನಕ್ಕೆ,

ಅಮರಗೋಳದ ಎಪಿಎಂಸಿ ಯಾರ್ಡಿನ ಅಡತಿ ಅಂಗಡಿಯ ಗುಮಾಸ್ತನೊಬ್ಬನ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮವನ್ನಂತೂ ಕೇಳಬೇಕಾಗಿಯೇ ಇಲ್ಲ. ಅಂಗಡಿಯ ಗೋಡೆಯಲ್ಲಿ ಲಕ್ಷ್ಮಿಯ ಫೋಟೋ ಪಕ್ಕದಲ್ಲೇ ಚೌಕಟ್ಟು ಹಾಕಿಸಿಕೊಂಡು ಕೂತಿದ್ದೀರಿ. ಊದಿನಕಡ್ಡಿಯ ಹೊಗೆ ಇಬ್ಬರಿಗೂ ಸಮಪಾಲು.

1966ರ ಎಪಿಎಂಸಿ ಕಾಯ್ದೆ ತಮ್ಮನ್ನು ಸಂತೆಗೆ ಕರೆತಂದದ್ದಕ್ಕೆ ಕಾರಣವಿತ್ತು. ತಕ್ಕಡಿಯ ಅಡಿಗೆ ಏನು ಅಂಟಿಸಿದ್ದಾರೆ, ಟವೆಲಿನ ಕೆಳಗೆ ಬೆರಳು ಹಿಡಿದು ಎಷ್ಟಕ್ಕೆ ಕುದುರಿಸಿದರು ಎನ್ನುವುದು ಹಳ್ಳಿಯಿಂದ ಮಾಲು ತಂದವನಿಗೆ ಕಾಣುತ್ತಿರಲಿಲ್ಲ. ದುಡ್ಡು ಕೊಡದೆ ಪರಾರಿಯಾದ ದಲಾಲನನ್ನು ಹುಡುಕಲು ವಿಳಾಸವಾದರೂ ಬೇಕಲ್ಲ! ದಲಾಲರಿಗೆ, ಖರೀದಿದಾರರಿಗೆ, ತೂಕದವರಿಗೆ ತಾವು ಬೇಕೇ ಬೇಕು. ಇದೊಂದು ಮಾತು ವ್ಯಂಗ್ಯವಲ್ಲ.

ಹಮಾಲರ ಬೆನ್ನನ್ನೂ ಯಾಕೆ ಏರಿದಿರಿ ಎನ್ನುವುದು ಮಾತ್ರ ತಿಳಿಯಲಿಲ್ಲ. ಯಾವ ಉದ್ಯೋಗವನ್ನಾದರೂ ಮಾಡುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ವೃತ್ತಿಗೆ ಬೇಕಾದ ತಾಂತ್ರಿಕ ಅರ್ಹತೆಯನ್ನು ಸರ್ಕಾರ ಕೇಳಬಹುದು ಎಂದೂ ಸೇರಿಸಿದೆ. ಮೆಣಸಿನಕಾಯಿ ಚೀಲಕ್ಕೆ ಕೊಕ್ಕೆ ಸಿಗಿಸಿ, ಮೊಣಕಾಲು ಮಡಚಿ, ಸೀನುತ್ತಲೇ ಬೆನ್ನಿಗೆ ಎಳೆದುಕೊಳ್ಳುವ ತಾಂತ್ರಿಕ ಅರ್ಹತೆಯನ್ನು ಪರೀಕ್ಷಿಸುವವರು ಯಾರು? ಲೈಸೆನ್ಸ್ ಕೊಡುವ ಅಧಿಕಾರಿಗಳೇ ಒಂದು ಚೀಲ ಹೊತ್ತು ತೋರಿಸಿದರೆ ನಮ್ಮ ಹುಡುಗರಿಗೂ ಕಲಿಯಲು ಅನುಕೂಲ.

2020ರಲ್ಲಿ ತಮ್ಮ ಪವಾಡ ಕಂಡೆವು. ರಾಜ್ಯದ ತಿದ್ದುಪಡಿಯಿಂದ ಎಪಿಎಂಸಿಯ ಹಿಡಿತ ಯಾರ್ಡಿನ ಕಾಂಪೌಂಡಿಗೆ ಕುಗ್ಗಿತು. ಪ್ಯಾನ್ ಕಾರ್ಡ್ ಇದ್ದವರು ಹೊರಗೇ ಖರೀದಿಸಬಹುದು ಎಂದಿತು ಕೇಂದ್ರದ ಕಾಯ್ದೆ. ಗೇಟಿನಾಚೆ ಲಾರಿಗಟ್ಟಲೆ ಮಾಲು ಕೊಳ್ಳುವವನಿಗೆ ತಾವು ಬೇಡವಾದಿರಿ, ಗೇಟಿನೊಳಗೆ ಒಂದು ಚೀಲ ಹೊರುವವನಿಗೆ ಕಡ್ಡಾಯವಾಗಿಯೇ ಉಳಿದಿರಿ. 2021ರಲ್ಲಿ ಕೇಂದ್ರ ತನ್ನ ಕಾಯ್ದೆಯನ್ನು ಹಿಂಪಡೆಯಿತು, ರಾಜ್ಯ 2023ರಲ್ಲಿ ತನ್ನ ತಿದ್ದುಪಡಿಯ ರದ್ದತಿಗೆ ಮಸೂದೆ ತಂದಿತು. ಇಷ್ಟೆಲ್ಲ ಗದ್ದಲದಲ್ಲಿ ಹಮಾಲರ ಲೈಸೆನ್ಸಿನ ಸುದ್ದಿ ನನ್ನ ಕಿವಿಗಂತೂ ಬೀಳಲಿಲ್ಲ.

ಹಾಗಂತ ತಮ್ಮನ್ನು ಕಿತ್ತೊಗೆಯಲಿ ಎಂದರೆ ಹಮಾಲರೇ ನನ್ನ ಮೇಲೆ ಏರಿ ಬಂದಾರು. ಹಮಾಲರ ನೆರವಿಗೆಂದು ಇರುವ ಸರ್ಕಾರದ ಯೋಜನೆಯ ಪಟ್ಟಿಯಲ್ಲಿ ಹೆಸರು ಬರಲು ಲೈಸೆನ್ಸ್ ಬೇಕಲ್ಲ! ಚೀಲ ಎತ್ತಲು ಉಪಯೋಗಕ್ಕೆ ಬಾರದ ಕಾಗದ, ಚೀಲದಡಿ ಸಿಕ್ಕು ಸೊಂಟ ಮುರಿದಾಗ ಮೊದಲು ನೆನಪಾಗುತ್ತದೆ.

ಅದಕ್ಕೇ ಒಂದು ಸಣ್ಣ ಬಿನ್ನಹ. ಒಬ್ಬ ಗಂಡಾಳು ಹೊರುವ ಭಾರ 55 ಕಿಲೋಗೆ ಇಳಿಯಲಿ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ಹೊರುವವರು ಯಾರು ಎಂದು ವಿಚಾರಿಸುವ ತಾವು, ಹೊರುವುದೆಷ್ಟು ಎಂದೂ ಒಮ್ಮೆ ವಿಚಾರಿಸಬಾರದೇ? ಮುಂದಿನ ನವೀಕರಣಕ್ಕೆ ಹಮಾಲನ ಫೋಟೋ ಬೇಡ, ಚೀಲದ ಫೋಟೋ ಕೇಳಿ. 55 ದಾಟಿದ ಚೀಲಕ್ಕೆ ಲೈಸೆನ್ಸ್ ಕೊಡಬೇಡಿ. ಫೀ ಅಡತಿ ಅಂಗಡಿಯವರಿಂದ ವಸೂಲಾಗಲಿ. ಈ ಸಲಹೆ ಕೊಟ್ಟವರು ಯಾರೆಂದು ನಮ್ಮ ಸಾಹುಕಾರರು ಕೇಳಿದರೆ ಮಾತ್ರ, ದಯವಿಟ್ಟು ಬೇರೆ ಅಂಗಡಿಯ ಕಡೆ ಕೈ ತೋರಿಸಿ.

ಇಂತಿ ತಮ್ಮ ವಿಧೇಯ,
ಹೆಸರು ಬರೆಯದ ಗುಮಾಸ್ತ